ಲಾಭ, ಎರಡು, ಮೂರು

ಕಾರಟಗಿಯ ಗೋದಾಮಿನಲ್ಲಿ ನಾವು ಒಂದು ಅನ್ನುವುದಿಲ್ಲ.
ಮೊದಲ ಚೀಲ ಬೆನ್ನಿಂದ ಇಳಿದಾಗ ‘ಲಾಭ’,
ಆಮೇಲೆ ಎರಡು, ಮೂರು.
ಇಪ್ಪತ್ತಾರು ವರ್ಷ ಹೀಗೇ ಎಣಿಸಿದ್ದೇನೆ.
ಮೊಮ್ಮಗಳಿಗೆ ಮಗ್ಗಿ ಹೇಳಿಕೊಡುವಾಗಲೂ ನಾಲಿಗೆ ತಡವರಿಸುತ್ತದೆ.

ಇವತ್ತು ಫೋನು ಹೇಳಿತು: ಜಾಗ ತುಂಬಿದೆ.
ಪುಕ್ಕಟೆ ಕೊಟ್ಟ ಹದಿನೈದು ಜಿಬಿ ಮುಗಿಯಿತು.
ಇನ್ನು ವೇಬ್ರಿಜ್ ಚೀಟಿಯ ಫೋಟೊ ಮೇಲೇರುವುದಿಲ್ಲ,
ಮಿಲ್ಲಿನ ಮೇಲ್ ಕೆಳಗಿಳಿಯುವುದಿಲ್ಲ.
ಹೆಚ್ಚುವರಿ ಪ್ಯಾಕ್ ಬೇಕಾದರೆ
ತಿಂಗಳಿಗೆ ನೂರಾ ಮೂವತ್ತು, ವರ್ಷಕ್ಕೆ ಸಾವಿರದ ಮುನ್ನೂರು.
ಕಾಸು ಮೊದಲು.

ನಮ್ಮಲ್ಲಿ ಹಂಗಲ್ಲ. ಮಾಲು ಎತ್ತುವ ದಿನ ಬಾಡಿಗೆ.
ಆರು ತಿಂಗಳು ಮಲಗಿದ ನೆಲ್ಲು ಒಣಗಿ ಹಗುರಾಗಿರುತ್ತದೆ,
ನೂರು ಕ್ವಿಂಟಾಲಿಗೆ ಒಂದೂವರೆಯೋ ಎರಡೋ
ಗಾಳಿಗೆ ಹೋಯಿತು ಅಂತ ಬರೆದುಕೊಳ್ಳುತ್ತೇವೆ,
ಯಾರೂ ಜಗಳ ತೆಗೆಯುವುದಿಲ್ಲ.
ಇಲಿಯ ಪಾಲು ಇಲಿಗೆ.
ಆ ಮೇಲಿನ ಗೋದಾಮಿನಲ್ಲಿ
ಇಲಿಯಿಲ್ಲ, ನುಸಿಯಿಲ್ಲ, ಸವಕಳಿಯಿಲ್ಲ.
ಇಟ್ಟದ್ದು ಇಟ್ಟಷ್ಟೇ ತೂಗುತ್ತದೆ.

ಯಮನೂರಪ್ಪ ಕೊಕ್ಕೆಯನ್ನು ಸೊಂಟಕ್ಕೆ ಸಿಗಿಸಿ ಬಗ್ಗಿ ನೋಡಿದ:
‘ಏನ್ರೀ ಗುಮಾಸ್ತರ, ಮಾರಿ ಹಂಗ್ಯಾಕ ಮಾಡೀರಿ?’
‘ಜಾಗ ಕೊಳ್ಳಬೇಕಾಗೈತಿ.’
‘ಎಲ್ಲಿ, ಗಂಗಾವತಿ ರೋಡಿಗೇನ್ರಿ?’
‘ಮೋಡದಾಗ.’
ಅವನು ಬಾಗಿಲಾಚೆ ನೋಡಿದ. ಏಪ್ರಿಲ್.
ತಗಡಿನ ಮೇಲೆ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ.
‘ಎಷ್ಟು ಚೀಲ ಹಿಡೀತೈತ್ರಿ?’

ಮೊದಲು ಅಳಿಸಿ ನೋಡೋಣ ಅಂತ ಕೂತೆ.
ಶುಭ ಮುಂಜಾನೆಯ ಗುಲಾಬಿಗಳು, ಆರುನೂರಾ ಚಿಲ್ಲರೆ, ಹೋದವು.
ಅತ್ತೆಯ ಸೊಂಟದ ಎಕ್ಸ್‌ರೇ, ಇರಲಿ.
ಸುಟ್ಟ ಟ್ಯೂಬ್‌ಲೈಟಿನ ಫೋಟೊ ನಾಲ್ಕು, ಯಾಕೆ ತೆಗೆದೆನೋ.
ಆಮೇಲೆ ಒಂದು ವಿಡಿಯೊ, ಪೂರ್ತಿ ಕಪ್ಪು:
ಅಂಗಿಯ ಕಿಸೆಯಲ್ಲಿ ತಾನೇ ಶುರುವಾದದ್ದು,
ಏಳು ವರ್ಷ ಹಿಂದಿನದು, ಹನ್ನೊಂದು ನಿಮಿಷ.

ಕಿವಿಗೆ ಹಿಡಿದೆ.
ಬಟ್ಟೆಯ ಸರಸರ. ಚೀಲ ಬೀಳುವ ದಪ್ಪ ಸದ್ದು. ನನ್ನದೇ ದನಿ:
ಅರವತ್ತು. ಅರವತ್ತೊಂದು. ಅರವತ್ತೆರಡು.
ಯಾರೋ ಚಹಾ ತಂದರು.
‘ಸಕ್ಕರಿ ಕಮ್ಮಿ ಹಾಕು ಅಂದಿದ್ನಲ್ಲೊ’ ಅಂದೆ.
ಅರವತ್ನಾಲ್ಕು.

ಹಿಂದಕ್ಕೆ ಎಳೆದು ಮತ್ತೆ ಕೇಳಿದೆ.
ಚಹಾ. ಸಕ್ಕರೆ. ಅರವತ್ನಾಲ್ಕು.
ನಡುವೆ ಚೀಲ ಬಿದ್ದ ಸದ್ದಿಲ್ಲ.

ಆ ವರ್ಷ ಲಾಟ್ ಎತ್ತುವಾಗ ಒಂದು ಚೀಲ ಕಡಿಮೆ ಬಂದಿತ್ತು.
ಬೀಗದಕೈ ನನ್ನದು, ಎಣಿಕೆ ನನ್ನದು,
ಆದ್ದರಿಂದ ಕಳವು ಅವರದು.
ಸಾವಿರದ ಮುನ್ನೂರೈವತ್ತು
ಯಮನೂರಪ್ಪನ ಗ್ಯಾಂಗಿನ ಕೂಲಿಯಲ್ಲಿ ಮುರಿದುಕೊಂಡೆವು.
ಅವನು ಹುಲಿಗೆಮ್ಮನ ಮೇಲೆ ಆಣೆ ಇಟ್ಟ.
ನಾನು ಪುಸ್ತಕ ತೋರಿಸಿದೆ.

ಬೆರಳು ಕಸದ ಡಬ್ಬಿಯ ಚಿತ್ರದ ಮೇಲೆ ನಿಂತಿತ್ತು.
ಅದೊಂದನ್ನು ಅಳಿಸಿದರೆ
ಈ ವಾರದ ಚೀಟಿಗಳಿಗೆ ಸಾಕಾಗುವಷ್ಟು ಜಾಗ,
ಕೊಳ್ಳುವ ಗೊಡವೆಯೇ ಇಲ್ಲ.
‘ಆತೇನ್ರಿ?’ ಅಂದ ಯಮನೂರಪ್ಪ,
ಅರ್ಧ ಸೇದಿದ ಬೀಡಿಯನ್ನು ಕಿವಿಯ ಮೇಲೆ ಇಟ್ಟುಕೊಳ್ಳುತ್ತ.

ವರ್ಷದ ಪ್ಯಾಕ್ ಒತ್ತಿದೆ. ಪಿನ್ ಹಾಕಿದೆ.
ಟಣ್ ಅಂತು. ಸಾವಿರದ ಮುನ್ನೂರು.
ಚೀಲಕ್ಕಿಂತ ಐವತ್ತು ಕಡಿಮೆ.

‘ನೂರು ಜಿಬಿ’ ಅಂದೆ.
‘ಅಷ್ಟು ತುಂಬಾಕ ಏನೈತ್ರಿ ನಿಮ್ ಹತ್ರ?’ ಅಂದು ನಕ್ಕ,
ಉತ್ತರಕ್ಕೆ ಕಾಯಲಿಲ್ಲ.
ಲಾರಿ ಹಿಂದಕ್ಕೆ ಬಂದು ನಿಂತಿತು, ಹಲಗೆ ಹಾಕಿದರು.
ಅವನೇ ಮೊದಲ ಚೀಲಕ್ಕೆ ಬೆನ್ನು ಕೊಟ್ಟ.

ಸೀಮೆಸುಣ್ಣ ಹುಡುಕಿ ಎದ್ದೆ,
ಚಹಾದ ಹುಡುಗನಿಗೆ ದೂರ ನಿಲ್ಲು ಅಂದೆ.
ಚೀಲ ನೆಲ ಮುಟ್ಟಿತು. ಬಾಯಿ ತೆರೆದೆ.
‘ಒಂದು’ ಅಂದೆ.

ಸಾಲಿಗೆ ಸಾಲೇ ತಿರುಗಿ ನೋಡಿತು.